ಫಾಸ್ಟರ್ ಅವರ ಎಚ್‌ಎಸ್‌ಬಿಸಿ, ಪೇ ಅವರ ಬ್ಯಾಂಕ್ ಆಫ್ ಚೀನಾ: ಹಾಂಗ್‌ಕಾಂಗ್‌ನ ಈ ಎರಡರಲ್ಲಿ ಯಾವ ವಿನ್ಯಾಸ ಮೇಲು?

ನಕ್ಷೆಪ್ರಿಯ:

ಹಾಂಗ್‌ಕಾಂಗ್‌ನ ಸೆಂಟ್ರಲ್ ಎಂಬ ವ್ಯಾಪಾರಿ ಬಡಾವಣೆಯಲ್ಲಿ ಎರಡು ಬ್ಯಾಂಕ್ ಕಟ್ಟಡಗಳಿವೆ. ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷದ ನಡಿಗೆ. ಮೊದಲನೆಯದು ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಎಚ್‌ಎಸ್‌ಬಿಸಿ ಕಟ್ಟಡ, 1986ರಲ್ಲಿ ಉದ್ಘಾಟನೆ ಆಯಿತು. ಎರಡನೆಯದು ವಾಸ್ತುಶಿಲ್ಪಿ ಐ. ಎಂ. ಪೇ ಅವರ ಬ್ಯಾಂಕ್ ಆಫ್ ಚೀನಾ ಟವರ್, 1990ರಲ್ಲಿ ಬಾಗಿಲು ತೆರೆಯಿತು. ಊರು ಒಂದೇ, ಚಂಡಮಾರುತ ಒಂದೇ, ಕಟ್ಟಿಸಿದವರು ಇಬ್ಬರೂ ಬ್ಯಾಂಕಿನವರೇ. ಇಷ್ಟೆಲ್ಲ ಹೊಂದಿಕೊಂಡಿರುವಾಗ ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಫೋಟೊ ತೋರಿಸಿ ಕೇಳಿದರೆ ಹೆಚ್ಚಿನವರು ಪೇ ಅವರ ಕಡೆಗೇ ಕೈ ತೋರಿಸುತ್ತಾರೆ. ಅದು ಸಹಜ. ಮಾಡಿನ ತನಕ 315 ಮೀಟರ್, ತುದಿಯ ಎರಡು ಕಂಬ ಸೇರಿದರೆ 367 ಮೀಟರ್. ವಜ್ರದಂತೆ ಕೊರೆದ ಗಾಜು, ಮೇಲೆ ಹೋದಷ್ಟೂ ಸಣ್ಣದಾಗುವ ತ್ರಿಕೋನಗಳು. ಮಗು ಕೂಡ ಒಂದು ಸಲ ನೋಡಿ ಬರೆದುಬಿಡುತ್ತದೆ. ಫಾಸ್ಟರ್ ಅವರದ್ದು 179 ಮೀಟರ್ ಅಷ್ಟೇ. ಬೂದು ಬಣ್ಣ, ಹೊರಗೆಲ್ಲ ಕಂಬ, ತೊಲೆ, ಟ್ರಸ್ಸು (ಪಟ್ಟಿಗಳನ್ನು ತ್ರಿಕೋನವಾಗಿ ಜೋಡಿಸಿದ ಚೌಕಟ್ಟು). ಮೊದಲ ನೋಟಕ್ಕೆ ಕಾರ್ಖಾನೆ ಅನಿಸುತ್ತದೆ.

ಆದರೂ ನನ್ನ ವೋಟು ಫಾಸ್ಟರ್ ಅವರಿಗೆ. ಕಾರಣ ಒಂದೇ. ಎತ್ತರದ ಕಟ್ಟಡವನ್ನು ತುದಿಯಿಂದ ಅಳೆಯಬಾರದು, ಬುಡದಿಂದ ಅಳೆಯಬೇಕು. ದಾರಿಯಲ್ಲಿ ಹೋಗುವ ಸಾವಿರಾರು ಜನಕ್ಕೆ ಸಿಗುವುದು ಬುಡ ಮಾತ್ರ. ಎಚ್‌ಎಸ್‌ಬಿಸಿ ತನ್ನ ನೆಲಮಹಡಿಯನ್ನೇ ತೆಗೆದುಹಾಕಿ ಆ ಜಾಗವನ್ನು ನಡೆದಾಡುವವರಿಗೆ ಬಿಟ್ಟಿದೆ. ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಕಟ್ಟಡದ ಅಡಿಯಿಂದಲೇ ಹೋಗಬಹುದು. ಜಗತ್ತಿನ ಅತಿ ದುಬಾರಿ ಜಾಗಗಳಲ್ಲಿ ಅದೂ ಒಂದು, ನೆನಪಿರಲಿ. ಬ್ಯಾಂಕ್ ಆಫ್ ಚೀನಾ ಕೆಳಗೆ ಕಲ್ಲಿನ ಗೋಡೆ ಕಟ್ಟಿ ನಿಂತಿದೆ.

ನೀವೇನಂತೀರಿ? ಸುಮ್ನೆ "ಇದು ಚಂದ, ಅದು ಚಂದ" ಅನ್ನುವುದಕ್ಕಿಂತ ಕಾರಣ ಕೊಟ್ಟು ಬರೆದರೆ ಎಲ್ಲರಿಗೂ ಉಪಯೋಗ.


ಕೌಲೂನ್ ಕನ್ನಡತಿ:

ನಾನು ಇಲ್ಲೇ ಕೆಲಸ ಮಾಡುವವಳು, ಎಚ್‌ಎಸ್‌ಬಿಸಿ ಕೆಳಗೆ ದಿನಾ ಓಡಾಡುತ್ತೇನೆ. ಅಲ್ಲಿ ನಿಂತರೆ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ಆ ನೆಲ ಮಟ್ಟಸವಾಗಿಲ್ಲ. ಕ್ವೀನ್ಸ್ ರೋಡ್ ಕಡೆ ಎತ್ತರ, ಟ್ರಾಮ್ ಓಡುವ ಡೆ ವೂ ರೋಡ್ ಕಡೆ ತಗ್ಗು. ಗುಡ್ಡದ ಇಳಿಜಾರನ್ನು ಹಾಗೇ ಉಳಿಸಿಕೊಂಡಿದ್ದಾರೆ. ಮಧ್ಯದಲ್ಲಿ ನಿಂತು ತಲೆ ಎತ್ತಿದರೆ ಮೇಲೆ ಗಾಜಿನ ಹೊಟ್ಟೆ. ಕೆಳಕ್ಕೆ ಬಾಗಿದ ಗಾಜಿನ ಚಾವಣಿ ಅದು. ಅದರಾಚೆ ಹತ್ತು ಮಹಡಿ ಎತ್ತರದ ಏಟ್ರಿಯಂ (ಕಟ್ಟಡದ ಒಳಗಿನ ಎತ್ತರದ ಅಂಗಳ), ಸುತ್ತ ಮೇಜುಗಳು, ದೀಪಗಳು, ಓಡಾಡುವ ಜನ ಎಲ್ಲ ಕಾಣುತ್ತದೆ. ಆ ಗಾಜಿನ ಮೂಲಕ ಎರಡು ಎಸ್ಕಲೇಟರ್‌ಗಳು ಕೆಳಗೆ ಇಳಿದು ಬಂದಿವೆ. ಬ್ಯಾಂಕಿಗೆ ಹೋಗುವ ದಾರಿ ಅದೇ. ಎರಡೂ ನೆಟ್ಟಗಿಲ್ಲ, ಸ್ವಲ್ಪ ಓರೆ. ಫೆಂಗ್ ಶುಯಿ (ಚೀನೀಯರ ವಾಸ್ತು) ನೋಡುವವರ ಸಲಹೆಯಂತೆ ಹಾಗೆ ಇಟ್ಟರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ.

ಭಾನುವಾರ ಬಂದು ನೋಡಬೇಕು. ಇಲ್ಲಿ ಮನೆಗೆಲಸ ಮಾಡುವವರಿಗೆ ವಾರಕ್ಕೊಂದು ರಜೆ ಕೊಡಲೇಬೇಕು, ಕಾನೂನು ಇದೆ. ಅವರಲ್ಲಿ ತುಂಬ ಜನ ಫಿಲಿಪ್ಪೀನ್ಸ್‌ನ ಹೆಂಗಸರು. ಇರುವುದು ಯಜಮಾನರ ಮನೆಯಲ್ಲೇ ಆದ್ದರಿಂದ ರಜೆಯ ದಿನ ಕೂರುವುದಕ್ಕೆ ಅವರದ್ದು ಅಂತ ಒಂದು ಜಾಗ ಇಲ್ಲ. ಆ ದಿನ ಬ್ಯಾಂಕಿನ ಅಡಿಯಲ್ಲಿ ರಟ್ಟಿನ ಹಾಳೆ ಹಾಸಿಕೊಂಡು ನೂರಾರು ಜನ ಕೂತಿರುತ್ತಾರೆ. ಡಬ್ಬಿ ಬಿಚ್ಚಿ ಊಟ ಹಂಚಿಕೊಳ್ಳುತ್ತಾರೆ, ಕೂದಲು ಕತ್ತರಿಸಿಕೊಳ್ಳುತ್ತಾರೆ, ಊರಿಗೆ ವಿಡಿಯೊ ಕಾಲ್ ಮಾಡುತ್ತಾರೆ. ಮಳೆ ಬಂದರೂ ನೆನೆಯುವುದಿಲ್ಲ, ಬಿಸಿಲೂ ತಾಗುವುದಿಲ್ಲ. ಈ ಬಳಕೆಗೆ ಅಂತ ಯಾರೂ ಡಿಸೈನ್ ಮಾಡಿರಲಿಲ್ಲ. ಆದರೆ ಜಾಗ ತೆರೆದಿತ್ತು, ಜನ ಬಂದರು.

ಅದಕ್ಕೇ ನಕ್ಷೆಪ್ರಿಯ ಸರ್ ಹೇಳಿದ್ದು ನನಗೆ ಸರಿ ಅನಿಸುತ್ತದೆ.


ತೊಲೆಕಂಬ:

ನಾನು ಸ್ಟ್ರಕ್ಚರಲ್ ಇಂಜಿನಿಯರ್. ಇಬ್ಬರ ಮಾತೂ ಒಪ್ಪುತ್ತೇನೆ, ತೀರ್ಪನ್ನು ಮಾತ್ರ ಒಪ್ಪುವುದಿಲ್ಲ. ಬುಡ ಮುಖ್ಯ, ಸರಿ. ಆದರೆ 300 ಮೀಟರ್ ದಾಟಿದ ಕಟ್ಟಡಕ್ಕೆ ಮೊದಲ ಪ್ರಶ್ನೆ ಗಾಳಿ. ಹಾಂಗ್‌ಕಾಂಗ್ ಟೈಫೂನ್ ಬರುವ ಊರು. ಅಲ್ಲಿನ ನಿಯಮದ ಪ್ರಕಾರ ಹಿಡಿಯಬೇಕಾದ ಗಾಳಿಯ ಹೊರೆ ನ್ಯೂಯಾರ್ಕ್‌ಗಿಂತ ಎಷ್ಟೋ ಜಾಸ್ತಿ.

ಇದಕ್ಕೆ ಪೇ ಮತ್ತು ಅವರ ಇಂಜಿನಿಯರ್ ಲೆಸ್ಲಿ ರಾಬರ್ಟ್‌ಸನ್ ಕೊಟ್ಟ ಉತ್ತರ ನೋಡಿ. 52 ಮೀಟರ್ ಬದಿಯ ಒಂದು ಚೌಕ. ಅದನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ನಾಲ್ಕು ತ್ರಿಕೋನ. ನಾಲ್ಕೂ ಬೇರೆ ಬೇರೆ ಎತ್ತರಕ್ಕೆ ನಿಲ್ಲುತ್ತವೆ, ಒಂದು ಮಾತ್ರ ತುದಿಯ ತನಕ ಹೋಗುತ್ತದೆ. ಹೊರಗೆ ಕಾಣುವ ಓರೆ ಪಟ್ಟಿಗಳು ಅಲಂಕಾರ ಅಲ್ಲ, ಅವೇ ಕಟ್ಟಡದ ಎಲುಬು. ಮಹಡಿಗಳ ಭಾರ ಈ ಓರೆಗಳ ಮೂಲಕ ಸರಿದು ನಾಲ್ಕು ಮೂಲೆಯ ಕಂಬಗಳಿಗೆ ಬರುತ್ತದೆ. ಗಾಳಿ ಒಂದು ಕಡೆಯಿಂದ ತಳ್ಳಿದಾಗ ಆ ಕಡೆಯ ಮೂಲೆಯ ಕಂಬ ಮೇಲಕ್ಕೆ ಎದ್ದುಬರಲು ನೋಡುತ್ತದೆ. ಅಷ್ಟು ಹೊತ್ತಿಗೆ ಇಡೀ ಕಟ್ಟಡದ ತೂಕ ಅದೇ ಮೂಲೆಗಳ ಮೇಲೆ ಕೂತಿರುತ್ತದೆ. ಅಂದರೆ ಗಾಳಿಯನ್ನು ತಡೆಯುವುದು ಕಟ್ಟಡದ ಸ್ವಂತ ತೂಕ. ಭಾರ ಹೊರುವುದಕ್ಕೆ ಒಂದು ವ್ಯವಸ್ಥೆ, ಗಾಳಿಗೆ ಇನ್ನೊಂದು ಅಂತ ಎರಡು ಬೇಕಾಗಿಲ್ಲ.

ಇನ್ನೊಂದು ಚಾಣಾಕ್ಷತನ ಇದೆ, ಇದನ್ನು ಫೋಟೊದಲ್ಲಿ ನೋಡಲಾಗದು. ಒಂದು ಮೂಲೆಯಲ್ಲಿ ಬೇರೆ ಬೇರೆ ದಿಕ್ಕಿನಿಂದ ಬರುವ ಉಕ್ಕಿನ ಓರೆಗಳು ಸೇರಬೇಕು. ಅವನ್ನೆಲ್ಲ ಒಂದಕ್ಕೊಂದು ಬೆಸುಗೆ ಹಾಕುವುದು ಮಹಾ ತಾಪತ್ರಯ, ಖರ್ಚೂ ವಿಪರೀತ. ರಾಬರ್ಟ್‌ಸನ್ ಅವನ್ನು ನೇರವಾಗಿ ಜೋಡಿಸಲೇ ಇಲ್ಲ. ಪ್ರತಿ ಮುಖದ ಉಕ್ಕಿನ ಚೌಕಟ್ಟು ಬೇರೆ ಬೇರೆಯಾಗಿಯೇ ನಿಂತಿತು. ಎಲ್ಲವನ್ನೂ ಒಳಗೆ ಹಿಡಿದುಕೊಳ್ಳುವ ಹಾಗೆ ಮೂಲೆಯಲ್ಲಿ ಕಾಂಕ್ರೀಟ್ ಕಂಬ ಸುರಿದರು. ಬೆಸುಗೆಯ ಕೆಲಸವನ್ನು ಕಾಂಕ್ರೀಟ್ ಮಾಡಿತು. ಉಕ್ಕು ತುಂಬ ಉಳಿಯಿತು.

ನನ್ನ ವೋಟು ಪೇ ಅವರಿಗೆ.


ಮೂರನೇ ಸೆಮಿಸ್ಟರ್:

ತೊಲೆಕಂಬ ಸರ್, ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿನಿ. ಎರಡು ಪ್ರಶ್ನೆ. ನಾಲ್ಕು ಮೂಲೆ ಅಂದಿರಿ, ಆದರೆ ಬ್ಯಾಂಕ್ ಆಫ್ ಚೀನಾದಲ್ಲಿ ಐದು ಕಂಬ ಅಂತ ಓದಿದ್ದೇನೆ. ಐದನೆಯದು ಎಲ್ಲಿ? ಮತ್ತೆ, ಎಚ್‌ಎಸ್‌ಬಿಸಿಯಲ್ಲಿ ಮಹಡಿಗಳನ್ನು "ನೇತು ಹಾಕಿದ್ದಾರೆ" ಅಂತಾರೆ. ಅಷ್ಟು ಭಾರವನ್ನು ನೇತು ಹಾಕುವುದು ಅಂದರೆ ಹೇಗೆ?


ತೊಲೆಕಂಬ:

ಒಳ್ಳೆಯ ಪ್ರಶ್ನೆಗಳಮ್ಮ.

ಐದನೆಯ ಕಂಬ ಚೌಕದ ನಟ್ಟನಡುವೆ ಇದೆ, ಆದರೆ ಮೇಲಿನ ಮಹಡಿಗಳಲ್ಲಿ ಮಾತ್ರ. ಒಂದು ತ್ರಿಕೋನ ಅರ್ಧಕ್ಕೆ ನಿಂತಾಗ ಉಳಿದ ತ್ರಿಕೋನಗಳ ಒಳಮೂಲೆ ಹೊರಗೆ ತೆರೆದುಕೊಳ್ಳುತ್ತದೆ. ಆ ಮೂಲೆಗೆ ಆಸರೆ ಬೇಕು. ಅದಕ್ಕೆ ನಡುಗಂಬ. ಆದರೆ ಅದು ನೆಲದ ತನಕ ಇಳಿಯುವುದಿಲ್ಲ. 25ನೇ ಮಹಡಿಗೆ ನಿಂತು ತನ್ನ ಭಾರವನ್ನು ಓರೆಗಳ ಮೂಲಕ ನಾಲ್ಕು ಮೂಲೆಗೆ ಹಂಚಿಬಿಡುತ್ತದೆ. ಹಾಗಾಗಿ ಕೆಳಗಿನ ಮಹಡಿಗಳ ನಡುವೆ ಕಂಬವೇ ಇಲ್ಲ, ಬ್ಯಾಂಕಿನ ಹಾಲ್ ಪೂರ್ತಿ ಬಿಡುವು. ಇಡೀ ವಿನ್ಯಾಸದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ.

ಎಚ್‌ಎಸ್‌ಬಿಸಿಗೆ ಬರೋಣ. ನಮ್ಮ ಹಳೆ ಮನೆಗಳ ಉಯ್ಯಾಲೆ ಮಣೆ ನೆನಪು ಮಾಡಿಕೊ. ಮಣೆಯ ಮೇಲೆ ಕೂತವರ ಭಾರ ಸರಪಳಿ ಹತ್ತಿ ತೊಲೆಗೆ ಹೋಗುತ್ತದೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ. ಎಚ್‌ಎಸ್‌ಬಿಸಿಯಲ್ಲೂ ಭಾರದ ದಾರಿ ಅದೇ. ಎಂಟು ಮಾಸ್ಟ್‌ಗಳಿವೆ. ಪ್ರತಿ ಮಾಸ್ಟ್ ಅಂದರೆ ನಾಲ್ಕು ಉಕ್ಕಿನ ಕೊಳವೆಗಳ ಒಂದು ಕಟ್ಟು. ಮಾಸ್ಟ್‌ಗಳ ನಡುವೆ ಐದು ಮಟ್ಟದಲ್ಲಿ, ಎರಡು ಮಹಡಿ ಎತ್ತರದ ಟ್ರಸ್‌ಗಳು. ಒಂದೊಂದು ಟ್ರಸ್ಸಿನಿಂದ ಕೆಳಗಿನ ಮಹಡಿಗಳ ಗುಂಪು ತೂಗುತ್ತದೆ. ಅದರಿಂದಲೇ ನೆಲದ ಮಟ್ಟದಲ್ಲಿ ಎಂಟು ಮಾಸ್ಟ್ ಬಿಟ್ಟರೆ ಬೇರೆ ಕಂಬ ಇಲ್ಲ. ಕನ್ನಡತಿ ಅಕ್ಕ ಹೇಳಿದ ಬಯಲು ಸಾಧ್ಯವಾಗಿದ್ದು ಹೀಗೆ.

ಆದರೆ ಇಂಜಿನಿಯರ್ ಕಣ್ಣಿಗೆ ಇದು ದುಂದು. ಭಾರವನ್ನು ಮೊದಲು ಮೇಲಕ್ಕೆ ಕಳಿಸಿ ಆಮೇಲೆ ಕೆಳಕ್ಕೆ ಇಳಿಸುತ್ತಿದ್ದೀರಿ. ಅಷ್ಟು ದೂರದ ದಾರಿಗೆ ಅಷ್ಟು ಉಕ್ಕು ಬೇಕು. 179 ಮೀಟರ್ ಕಟ್ಟಡಕ್ಕೆ ಸುಮಾರು 30,000 ಟನ್ ಉಕ್ಕು ಹೋಯಿತು.


ನಕ್ಷೆಪ್ರಿಯ:

ದುಂದು ಅಂತ ಒಂದೇ ಮಾತಲ್ಲಿ ತಳ್ಳಿಹಾಕಬೇಡಿ ಸರ್. ಅಲ್ಲಿ ಕೆಲಸ ಮಾಡಬೇಕಾದ ರೀತಿಯೇ ಬೇರೆ ಇತ್ತು. ಹತ್ತು ಲಕ್ಷ ಚದರ ಅಡಿ ಬೇಕು, ಸಮಯ ಕಡಿಮೆ, ಜಾಗ ಇಕ್ಕಟ್ಟು. ಮೇಲಕ್ಕೆ ಕಟ್ಟುವಾಗಲೇ ಕೆಳಗೆ ನೆಲಮಾಳಿಗೆ ಅಗೆಯಬೇಕಿತ್ತು. ನೆಲದಲ್ಲಿ ಕಂಬ ಕಡಿಮೆ ಇದ್ದಷ್ಟೂ ಅದು ಸುಲಭ. ನೇತು ಹಾಕುವ ರಚನೆ ಬಂದದ್ದು ಆ ಒತ್ತಡದಿಂದ, ಸುಮ್ಮನೆ ತೋರಿಕೆಗಲ್ಲ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಸಾಮಾನ್ಯವಾಗಿ ಎತ್ತರದ ಕಟ್ಟಡದ ನಡುವೆ ಕಾಂಕ್ರೀಟಿನ ಕೋರ್ ಇರುತ್ತದೆ. ಲಿಫ್ಟು, ಮೆಟ್ಟಿಲು, ಶೌಚಾಲಯ ಎಲ್ಲ ಅದರೊಳಗೆ. ಜನ ಅದರ ಸುತ್ತ ಉಂಗುರದ ಹಾಗೆ ಕೂರಬೇಕು. ಈ ಕಡೆಯವರಿಗೆ ಆ ಕಡೆಯವರು ಕಾಣುವುದೇ ಇಲ್ಲ. ಫಾಸ್ಟರ್ ಆ ಕೋರ್ ಅನ್ನು ಒಡೆದು ಪೂರ್ವ, ಪಶ್ಚಿಮದ ಅಂಚಿಗೆ ತಳ್ಳಿದರು. ನಡುವೆ ಪೂರ್ತಿ ಖಾಲಿ. ಹಾಗಾಗಿ ಅಲ್ಲಿ ಏಟ್ರಿಯಂ ಬಂತು, ಅದರ ಅಡಿಯಲ್ಲಿ ಬಯಲು ಬಂತು. ಲಿಫ್ಟು ಕೂಡ ಪ್ರತಿ ಮಹಡಿಯಲ್ಲಿ ನಿಲ್ಲದ ಹಾಗೆ ಯೋಚಿಸಿದರು. ಎರಡು ಮಹಡಿ ಎತ್ತರದ ಟ್ರಸ್ಸಿನ ಮಟ್ಟದಲ್ಲಿ ಇಳಿದು, ಅಲ್ಲಿಂದ ಎಸ್ಕಲೇಟರ್ ಹತ್ತಿ ನಿಮ್ಮ ಮಹಡಿಗೆ ಹೋಗಬೇಕು. ದಾರಿಯಲ್ಲಿ ನಾಲ್ಕು ಜನ ಎದುರಾಗುತ್ತಾರೆ, ಮಾತಾಡುತ್ತೀರಿ. ಇದು ಆಫೀಸನ್ನು ಊರಿನ ಹಾಗೆ ಕಲ್ಪಿಸಿಕೊಂಡವರು ಮಾಡುವ ಕೆಲಸ.

ದಕ್ಷಿಣದ ಮುಖದಲ್ಲಿ ಹೊರಗೆ ಕನ್ನಡಿಗಳ ಸಾಲು ಇದೆ. ಅದು ಸೂರ್ಯನನ್ನು ಹಿಂಬಾಲಿಸುತ್ತಾ ಬೆಳಕನ್ನು ಒಳಗಿನ ಇನ್ನೊಂದು ಕನ್ನಡಿಗೆ ಎಸೆಯುತ್ತದೆ. ಅಲ್ಲಿಂದ ಬೆಳಕು ಏಟ್ರಿಯಂ ದಾಟಿ ಗಾಜಿನ ತಳದ ಮೂಲಕ ಬಯಲಿನ ತನಕ ಇಳಿಯಬೇಕು ಎಂಬುದು ಯೋಜನೆ. ಬೀದಿಯಲ್ಲಿ ಹೋಗುವವನಿಗೆ ಬೆಳಕು ಸಿಗಲಿ ಅಂತ ಇಷ್ಟು ತಲೆ ಕೆಡಿಸಿಕೊಂಡ ಬ್ಯಾಂಕು ಬೇರೆ ಎಲ್ಲಿದೆ ಹೇಳಿ.


ನಿವೃತ್ತ ಕ್ಯಾಷಿಯರ್:

ನಾನು ಬ್ಯಾಂಕಿನಲ್ಲೇ ಸರ್ವಿಸ್ ಮುಗಿಸಿದವನು. ನೀವೆಲ್ಲ ದುಡ್ಡಿನ ಮಾತನ್ನು ಬಿಟ್ಟು ಮಾತಾಡುತ್ತಿದ್ದೀರಿ. ಅದನ್ನು ಬಿಟ್ಟರೆ ಈ ಹೋಲಿಕೆ ನ್ಯಾಯವಾಗುವುದಿಲ್ಲ.

ಎಚ್‌ಎಸ್‌ಬಿಸಿ ಕಟ್ಟಡಕ್ಕೆ ಸುಮಾರು 520 ಕೋಟಿ ಹಾಂಗ್‌ಕಾಂಗ್ ಡಾಲರ್ ಖರ್ಚಾಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದುಬಾರಿ ಕಟ್ಟಡ ಅಂತ ಹೆಸರಾಯಿತು. ಪೇ ಅವರ ಕೈಗೆ ಕೊಟ್ಟ ಬಜೆಟ್ ಸುಮಾರು 13 ಕೋಟಿ ಅಮೆರಿಕನ್ ಡಾಲರ್. ಹಾಂಗ್‌ಕಾಂಗ್ ಡಾಲರಿನಲ್ಲಿ ಹೇಳಿದರೆ ನೂರು ಕೋಟಿ ಆಸುಪಾಸು. ಅಂದರೆ ಐದನೇ ಒಂದು ಪಾಲು ಹಣ, ಹತ್ತಿರ ಹತ್ತಿರ ಎರಡು ಪಟ್ಟು ಎತ್ತರ.

ಕಾಲವನ್ನೂ ನೋಡಿ. ಎಚ್‌ಎಸ್‌ಬಿಸಿ 1865ರಿಂದ ಆ ಊರಲ್ಲಿ ಬೇರು ಬಿಟ್ಟ ಬ್ಯಾಂಕು. 1979ರಲ್ಲಿ ವಾಸ್ತುಶಿಲ್ಪಿಗಳ ಸ್ಪರ್ಧೆ ನಡೆಸಿದರು. ಕಟ್ಟುವ ಹೊತ್ತಿಗೆ, ಆಗ ಬ್ರಿಟನ್ ಕೈಯಲ್ಲಿದ್ದ ಹಾಂಗ್‌ಕಾಂಗ್ ಬಗ್ಗೆ ಬ್ರಿಟನ್ ಮತ್ತು ಚೀನಾ ನಡುವೆ ಮಾತುಕತೆ ಶುರುವಾಗಿತ್ತು. 1984ರ ಡಿಸೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, 1997ಕ್ಕೆ ಊರು ಚೀನಾಕ್ಕೆ ಸೇರುವುದು ಖಚಿತವಾಯಿತು. ಎಲ್ಲರಿಗೂ ದಿಗಿಲು. ಅಂಥ ಹೊತ್ತಲ್ಲಿ ಬ್ಯಾಂಕು ಅಷ್ಟು ದುಡ್ಡು ಸುರಿದದ್ದು "ನಾವು ಇಲ್ಲೇ ಇರುತ್ತೇವೆ" ಅಂತ ಸಾರಿದ ಹಾಗೆ. ನಟ್ಟು ಬೋಲ್ಟು ಬಿಚ್ಚಿ ಇಡೀ ಕಟ್ಟಡವನ್ನೇ ಹಡಗಿಗೆ ಹಾಕಿಕೊಂಡು ಹೋಗಬಹುದು ಅಂತ ಊರ ಜನ ಮಾತಾಡಿಕೊಂಡದ್ದೂ ಉಂಟು.

ಬ್ಯಾಂಕ್ ಆಫ್ ಚೀನಾದ್ದು ಬೇರೆ ಕಥೆ. ಪೇ ಹುಟ್ಟಿದ್ದು 1917ರಲ್ಲಿ, ಗುವಾಂಗ್‌ಝೌನಲ್ಲಿ. ಅವರ ತಂದೆ ಇದೇ ಬ್ಯಾಂಕಿನ ಹಾಂಗ್‌ಕಾಂಗ್ ಶಾಖೆಯನ್ನು ನಡೆಸಿದವರು. 1982ರಲ್ಲಿ ಬ್ಯಾಂಕಿನ ಪ್ರತಿನಿಧಿಗಳು ನ್ಯೂಯಾರ್ಕಿಗೆ ಹೋದಾಗ ಮೊದಲು ಕಂಡದ್ದು ಮಗನನ್ನಲ್ಲ, ತೊಂಬತ್ತರ ಹತ್ತಿರದಲ್ಲಿದ್ದ ತಂದೆಯನ್ನು. ಮಗ ಈ ಕೆಲಸ ಒಪ್ಪಿಕೊಳ್ಳಲು ನಿಮ್ಮ ಅನುಮತಿ ಇದೆಯೇ ಅಂತ ಕೇಳಿದರು. ನಮ್ಮಲ್ಲೂ ಹಿರಿಯರನ್ನು ಕೇಳಿಯೇ ಮುಂದಿನ ಮಾತು ಅಲ್ಲವೇ. ಈ ಹಿನ್ನೆಲೆ ಗೊತ್ತಿದ್ದರೆ ಆ ಕಟ್ಟಡವನ್ನು ನೋಡುವ ಕಣ್ಣೇ ಬದಲಾಗುತ್ತದೆ.

ಹಾಂಗ್‌ಕಾಂಗ್‌ನ ನೋಟುಗಳನ್ನು ಛಾಪಿಸುವ ಬ್ಯಾಂಕುಗಳಲ್ಲಿ ಇವೆರಡೂ ಸೇರಿವೆ. ಎರಡು ಕಟ್ಟಡಗಳೂ ನೋಟಿನ ಮೇಲೆ ಬಂದಿವೆ. ಜೇಬಿನಲ್ಲೂ ಪೈಪೋಟಿ ಇದೆ.


ಕರಾವಳಿ ಮೆಂಟೆನೆನ್ಸ್:

ನಾನು ಗಲ್ಫ್‌ನಲ್ಲಿ ಎತ್ತರದ ಕಟ್ಟಡಗಳ ಮೆಂಟೆನೆನ್ಸ್ ಕೆಲಸದಲ್ಲಿದ್ದೇನೆ. ಡಿಸೈನ್ ಮಾಡಿದವರು ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಮುಂದಿನ ಐವತ್ತು ವರ್ಷ ನೋಡಿಕೊಳ್ಳುವವರು ನಾವು. ಆ ಕಡೆಯಿಂದ ಎರಡು ಮಾತು.

ಫಾಸ್ಟರ್ ಕಟ್ಟಡದಲ್ಲಿ ನನಗೆ ಮೆಚ್ಚುಗೆ ಆಗುವುದು ಒಳಗಿನ ಏರ್ಪಾಡು. ಶೌಚಾಲಯ, ಏಸಿ ಯಂತ್ರ ಎಲ್ಲ ಜಪಾನಿನಲ್ಲಿ ಪೆಟ್ಟಿಗೆಗಳಾಗಿ ತಯಾರಾಗಿ ಬಂದವು. ಕ್ರೇನಿನಲ್ಲಿ ಎತ್ತಿ ಜೋಡಿಸಿದರು. ಉಕ್ಕು ಬಂದದ್ದು ಬ್ರಿಟನ್ನಿಂದ, ಹೊರ ಹೊದಿಕೆ ಅಮೆರಿಕದಿಂದ. ಏಸಿಯ ಬಿಸಿ ಕಳೆಯಲು ಸಮುದ್ರದ ನೀರು, ಅದಕ್ಕೆ ಬಂದರಿನಿಂದ ಸುರಂಗ ತೋಡಿದ್ದಾರೆ. ಮಹಡಿಯ ನೆಲ ಪ್ಯಾನೆಲ್‌ಗಳದ್ದು, ಎತ್ತಿದರೆ ಕೆಳಗೆ ವೈರು, ಗಾಳಿಯ ದಾರಿ. 1986ರಲ್ಲಿ ಯಾರಿಗೂ ಇಂಟರ್‌ನೆಟ್ ಕೇಬಲ್‌ನ ಕಲ್ಪನೆ ಇರಲಿಲ್ಲ. ಹಾಗಿದ್ದೂ ಆಮೇಲೆ ಬಂದ ಎಲ್ಲ ಕೇಬಲ್‌ಗೂ ಅಲ್ಲಿ ಜಾಗ ಸಿಕ್ಕಿತು. ಗೋಡೆ ಕೊರೆದು, ಸೀಲಿಂಗ್ ಬಿಚ್ಚಿ ಕೇಬಲ್ ಎಳೆಸುವ ಕಷ್ಟ ಏನು ಅಂತ ನನಗೆ ಗೊತ್ತು.

ಆದರೆ ಹೊರಗಿನ ವಿಷಯದಲ್ಲಿ ಪೇ ಗೆಲ್ಲುತ್ತಾರೆ. ನಯವಾದ ಮುಖ, ಮೇಲಿಂದ ತೊಟ್ಟಿಲು ಇಳಿಸಿದರೆ ಸರಸರ ಒರೆಸಿಕೊಂಡು ಬರಬಹುದು. ಫಾಸ್ಟರ್ ಅವರದ್ದರಲ್ಲಿ ಎಷ್ಟೊಂದು ಸಂದಿ, ಎಷ್ಟೊಂದು ಮೂಲೆ! ಮಾಡಿನ ಮೇಲೆ ಮೆಂಟೆನೆನ್ಸ್ ಕ್ರೇನುಗಳು ಯಾವಾಗಲೂ ನಿಂತೇ ಇರುತ್ತವೆ.


ಕೌಲೂನ್ ಕನ್ನಡತಿ:

ಆ ಕ್ರೇನುಗಳ ಬಗ್ಗೆ ಇಲ್ಲಿ ದೊಡ್ಡ ಕಥೆಯೇ ಇದೆ. ಬ್ಯಾಂಕ್ ಆಫ್ ಚೀನಾದ ಚೂಪು ಅಂಚುಗಳು ಕತ್ತಿಯ ಅಲಗಿನ ಹಾಗೆ ಸುತ್ತಲಿನ ಕಟ್ಟಡಗಳ ಮೇಲೆ ತಿರುಗಿವೆ, ಅದಕ್ಕೆ ಉತ್ತರವಾಗಿ ಎಚ್‌ಎಸ್‌ಬಿಸಿ ಮಾಡಿನ ಮೇಲೆ ಫಿರಂಗಿ ಇಟ್ಟಿತು ಅಂತ ಜನ ಹೇಳುತ್ತಾರೆ. ಬ್ರಿಟಿಷ್ ಗವರ್ನರ್ ಬಂಗಲೆಯ ಕಡೆಗೂ ಒಂದು ಅಂಚು ತಿರುಗಿದೆ ಅಂತ ಅಲ್ಲಿ ವಿಲ್ಲೋ ಮರ ನೆಟ್ಟರು ಎಂಬ ಮಾತೂ ಇದೆ. ನಂಬುವವರು ನಂಬುತ್ತಾರೆ. ವಾಸ್ತು ನೋಡದೆ ಪಾಯ ತೋಡದ ಊರಿನಿಂದ ಬಂದ ನಮಗೆ ಇದು ಹೊಸದೇನಲ್ಲ.

ಬ್ಯಾಂಕ್ ಆಫ್ ಚೀನಾದ ಮೊದಲ ನಕ್ಷೆಯಲ್ಲಿ ಓರೆ ಪಟ್ಟಿಗಳ ಜೊತೆ ಅಡ್ಡ ಪಟ್ಟಿಗಳೂ ಹೊರಗೆ ಕಾಣುತ್ತಿದ್ದವು. ಚೌಕದೊಳಗೆ ದೊಡ್ಡ ಕತ್ತರಿ ಗುರುತು ಬಿದ್ದ ಹಾಗೆ ಇತ್ತು. ಅದು ಅಶುಭ ಅಂತ ಬ್ಯಾಂಕಿನವರು ಹಿಂಜರಿದರು. ಆಗ ಪೇ ಅಡ್ಡ ಪಟ್ಟಿಗಳನ್ನು ಒಳಗೆ ಮರೆಮಾಡಿದರು. ಕತ್ತರಿ ಗುರುತು ಹೋಗಿ ವಜ್ರದ ಆಕಾರ ಉಳಿಯಿತು. ಕಟ್ಟಡದ ತುದಿ ಮುಟ್ಟಿಸಿದ ದಿನ 1988ರ ಆಗಸ್ಟ್ 8. ನಾಲ್ಕು ಎಂಟು. ಇಲ್ಲಿಯವರಿಗೆ ಅದಕ್ಕಿಂತ ಶುಭದಿನ ಬೇರೆ ಇಲ್ಲ.


ನಕ್ಷೆಪ್ರಿಯ:

ಅಕ್ಕ, ನೀವು ಹೇಳಿದ್ದೇ ನನ್ನ ಎರಡನೇ ಆಕ್ಷೇಪ. ಅಡ್ಡ ತೊಲೆಗಳು ಇವೆ, ಭಾರ ಹೊರುತ್ತಿವೆ, ಆದರೆ ಕಾಣದ ಹಾಗೆ ಮಾಡಿದ್ದಾರೆ. ಅರ್ಧ ಎಲುಬು ತೋರಿಸಿ ಅರ್ಧ ಮುಚ್ಚಿದ ಹಾಗಾಯಿತು. ಫಾಸ್ಟರ್ ಎಲ್ಲವನ್ನೂ ಬಿಚ್ಚಿಟ್ಟರು. ಯಾವುದು ಹೊರುತ್ತದೆ, ಯಾವುದು ತೂಗುತ್ತದೆ ಅಂತ ಬೀದಿಯಲ್ಲಿ ನಿಂತೇ ಓದಬಹುದು.


ತೊಲೆಕಂಬ:

ಇಲ್ಲಿ ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಎಚ್‌ಎಸ್‌ಬಿಸಿಯಲ್ಲಿ ನೀವು ನೋಡುವುದು ಉಕ್ಕನ್ನಲ್ಲ. ಉಕ್ಕನ್ನು ಬೆಂಕಿಯಿಂದ ಕಾಪಾಡಲು ಸುತ್ತ ಹೊದಿಕೆ ಇದೆ, ಅದರ ಮೇಲೆ ಬೂದು ಬಣ್ಣದ ಅಲ್ಯುಮಿನಿಯಂ ಕವಚ. ನಿಮ್ಮ ಕಣ್ಣಿಗೆ ಬೀಳುವ ದಪ್ಪ ಆ ಕವಚದ ದಪ್ಪ. ಸಾವಿರಾರು ಟನ್ ಅಲ್ಯುಮಿನಿಯಂ ಅದಕ್ಕೇ ಹೋಗಿದೆ. ಇದನ್ನು ತಪ್ಪು ಅನ್ನುತ್ತಿಲ್ಲ, ಬೆಂಕಿಯ ನಿಯಮ ಯಾರನ್ನೂ ಬಿಡುವುದಿಲ್ಲ. ಆದರೆ ಒಬ್ಬರು ಪ್ರಾಮಾಣಿಕರು, ಇನ್ನೊಬ್ಬರು ಮುಚ್ಚಿಟ್ಟವರು ಅನ್ನುವ ಗೆರೆ ಇಲ್ಲಿ ನಿಲ್ಲುವುದಿಲ್ಲ. ಇಬ್ಬರೂ ತೋರಿಸಬೇಕಾದ್ದನ್ನು ಆರಿಸಿಕೊಂಡು ತೋರಿಸಿದ್ದಾರೆ.


ಮೂರನೇ ಸೆಮಿಸ್ಟರ್:

ಇದು ನಮ್ಮ ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ ಸರ್. ಥ್ಯಾಂಕ್ಸ್.

ಪೇ ಅವರ ವಿನ್ಯಾಸ ಹುಟ್ಟಿದ ಬಗೆ ಓದಿ ನನಗೆ ತುಂಬ ಖುಷಿಯಾಗಿತ್ತು. ಚೌಕದ ಕಡ್ಡಿಯನ್ನು ಉದ್ದಕ್ಕೆ ಸೀಳಿದ ಹಾಗೆ ನಾಲ್ಕು ತ್ರಿಕೋನ ಕಡ್ಡಿಗಳನ್ನು ಕೈಯಲ್ಲಿ ಹಿಡಿದು, ಒಂದನ್ನು ಮೇಲೆ ತಳ್ಳಿ, ಇನ್ನೊಂದನ್ನು ಕೆಳಗೆ ಬಿಟ್ಟು ನೋಡುತ್ತಾ ಆಕಾರ ಕಂಡುಕೊಂಡರು. ಗೆಣ್ಣು ಗೆಣ್ಣಾಗಿ ಏಳುವ ಬಿದಿರು ಅವರ ಮನಸ್ಸಿನಲ್ಲಿತ್ತು. ಚೀನಾದಲ್ಲಿ ಅದು ಏಳಿಗೆಯ ಗುರುತು. ಕೈಗೆ ಸಿಗುವ ನಾಲ್ಕು ಕಡ್ಡಿಯಲ್ಲಿ ಹೇಳಬಹುದಾದ ಯೋಚನೆ 300 ಮೀಟರ್ ತನಕ ಕೆಡದೆ ಉಳಿಯಿತು ಅನ್ನುವುದೇ ನನಗೆ ದೊಡ್ಡದು. ಫಾಸ್ಟರ್ ಕಟ್ಟಡವನ್ನು ಅರ್ಥ ಮಾಡಿಕೊಳ್ಳಲು ನನಗೆ ಸೆಕ್ಷನ್ ಡ್ರಾಯಿಂಗ್ (ಕಟ್ಟಡವನ್ನು ಸೀಳಿ ಒಳಗನ್ನು ತೋರಿಸುವ ನಕ್ಷೆ) ಬೇಕಾಯಿತು.


ನಿವೃತ್ತ ಕ್ಯಾಷಿಯರ್:

ಬುಡದ ವಿಚಾರಕ್ಕೆ ಮರಳಿ ಬರುತ್ತೇನೆ, ನಕ್ಷೆಪ್ರಿಯ ಅವರ ಮುಖ್ಯ ವಾದ ಅದೇ ಆದ್ದರಿಂದ.

ಎಚ್‌ಎಸ್‌ಬಿಸಿ ಆ ಜಾಗವನ್ನು ಪುಕ್ಕಟೆ ಬಿಡಲಿಲ್ಲ. ನೆಲವನ್ನು ಸಾರ್ವಜನಿಕ ಓಡಾಟಕ್ಕೆ ಬಿಟ್ಟಿದ್ದಕ್ಕೆ ಪ್ರತಿಯಾಗಿ ಮೇಲೆ ಹೆಚ್ಚು ಮಹಡಿ ಕಟ್ಟಲು ಸರ್ಕಾರ ಅನುಮತಿ ಕೊಟ್ಟಿತು. ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದಕ್ಕೆ ನಮ್ಮಲ್ಲಿ ಎಫ್‌ಎಆರ್ ಅಂತೀವಲ್ಲ, ಅದೇ ಲೆಕ್ಕ. ಮತ್ತೆ ಅದು ಪೂರ್ತಿ ಜನರ ಜಾಗವೂ ಅಲ್ಲ. 2011ರ ಅಕ್ಟೋಬರ್‌ನಲ್ಲಿ ಆರ್ಥಿಕ ಅಸಮಾನತೆ ವಿರೋಧಿಸುವ ಆಕ್ಯುಪೈ ಚಳವಳಿಯವರು ಅಲ್ಲಿ ಡೇರೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಕೂತಿದ್ದರು. ಕೊನೆಗೆ ಬ್ಯಾಂಕು ಕೋರ್ಟಿಗೆ ಹೋಯಿತು, 2012ರ ಸೆಪ್ಟೆಂಬರ್‌ನಲ್ಲಿ ಎಬ್ಬಿಸಿದರು.

ಪೇ ಅವರಿಗೆ ಸಿಕ್ಕ ನಿವೇಶನವನ್ನೂ ನೋಡಿ. ಅಲ್ಲಿ ಮೊದಲು ಮರ್ರೆ ಹೌಸ್ ಎಂಬ ಹಳೆಯ ಸೇನಾ ಕಟ್ಟಡ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನಾ ಪೊಲೀಸರ ನೆಲೆ, ಜನಕ್ಕೆ ಅದರ ನೆನಪು ಒಳ್ಳೆಯದಿರಲಿಲ್ಲ. ಅದರ ಕಲ್ಲುಗಳನ್ನು ಬಿಚ್ಚಿ ಇಟ್ಟು ಆಮೇಲೆ ಸ್ಟ್ಯಾನ್ಲಿಯ ಕಡಲ ದಂಡೆಯಲ್ಲಿ ಮತ್ತೆ ಕಟ್ಟಿದರು. ಉಳಿದ ಜಾಗದ ಮೂರು ಕಡೆ ರಸ್ತೆ, ಫ್ಲೈಓವರ್. ಅಂಥ ಕಡೆ ನೆಲ ತೆರೆದಿಟ್ಟರೆ ಬರುವುದು ಜನ ಅಲ್ಲ, ಹೊಗೆ ಮತ್ತು ಸದ್ದು. ಪೇ ಎರಡು ಪಕ್ಕದಲ್ಲಿ ಕಲ್ಲು, ಮರ, ಹರಿದು ಇಳಿಯುವ ನೀರಿನ ತೋಟ ಮಾಡಿದರು. ನೀರಿನ ಸದ್ದು ವಾಹನದ ಸದ್ದನ್ನು ಮುಚ್ಚುತ್ತದೆ. ಆ ಜಾಗಕ್ಕೆ ಆ ಉತ್ತರ ತಕ್ಕದ್ದೇ.


ನಕ್ಷೆಪ್ರಿಯ:

ರಾಯರೇ, ನಿವೇಶನದ ಕಷ್ಟವನ್ನು ನಾನು ಕಡೆಗಣಿಸುವುದಿಲ್ಲ. ದುಡ್ಡಿನ ವ್ಯತ್ಯಾಸವನ್ನೂ ಒಪ್ಪುತ್ತೇನೆ. ಎಫ್‌ಎಆರ್ ಲಾಭ ಸಿಕ್ಕಿತು ಅನ್ನುವುದೂ ನಿಜ. ಆದರೆ ಅಂಥ ಲಾಭ ಪಡೆದು ಒಂದು ಮೂಲೆಯಲ್ಲಿ ನಾಲ್ಕು ಕುಂಡ ಇಟ್ಟು "ಸಾರ್ವಜನಿಕ ಜಾಗ" ಎಂದು ಬೋರ್ಡು ಹಾಕಿದವರನ್ನು ನಾವು ಎಲ್ಲ ಊರಲ್ಲೂ ನೋಡಿದ್ದೇವೆ. ಇಲ್ಲಿ ಇಡೀ ನೆಲ ಬಿಟ್ಟರು. ಅದಕ್ಕಾಗಿ ಕೋರ್ ಒಡೆದರು, ಮಹಡಿ ನೇತು ಹಾಕಿದರು, ಬೆಳಕು ತಂದರು. ಭಾನುವಾರ ಆ ಹೆಂಗಸರು ಅಲ್ಲಿ ಕೂರುತ್ತಿರುವುದು ಆ ಎಲ್ಲ ತೀರ್ಮಾನಗಳ ಫಲ. ಡೇರೆಯವರು ವರ್ಷದ ತನಕ ಕೂರಲು ಆದದ್ದೂ ಕೂರುವಂಥ ಜಾಗ ಇದ್ದದ್ದರಿಂದಲೇ. ಬ್ಯಾಂಕ್ ಆಫ್ ಚೀನಾದ ತೋಟ ಚೆನ್ನಾಗಿದೆ, ಆದರೆ ಅದು ನೋಡುವ ತೋಟ.

ತೊಲೆಕಂಬ ಸರ್ ಹೇಳಿದ ನಡುಗಂಬದ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ರಚನೆಯ ಜಾಣ್ಮೆಯಲ್ಲಿ ಪೇ ಮತ್ತು ರಾಬರ್ಟ್‌ಸನ್ ಮುಂದೆ. ಊರಿಗೆ ಕೊಟ್ಟದ್ದರಲ್ಲಿ ಫಾಸ್ಟರ್ ಮುಂದೆ. ನನಗೆ ಎರಡನೆಯದೇ ದೊಡ್ಡದು.


ತೊಲೆಕಂಬ:

ನನಗೆ ಮೊದಲನೆಯದು. ಐದನೇ ಒಂದು ಪಾಲು ಹಣದಲ್ಲಿ ಆ ಎತ್ತರ ಸಾಧಿಸುವ ದಾರಿ ತೋರಿಸಿದ್ದು ಎಲ್ಲ ಊರಿಗೂ ಕೊಟ್ಟ ಹಾಗೆ. ಹೊರಮೈಯಲ್ಲೇ ದೊಡ್ಡ ಓರೆಗಳನ್ನು ಹಾಕಿ ಗಾಳಿ ತಡೆಯುವುದನ್ನು ಶಿಕಾಗೋದ ಜಾನ್ ಹ್ಯಾನ್‌ಕಾಕ್ ಕಟ್ಟಡದಲ್ಲಿ ಫಜ್ಲುರ್ ಖಾನ್ ಮೊದಲೇ ಮಾಡಿ ತೋರಿಸಿದ್ದರು. ಅವರು ಢಾಕಾ ಕಡೆಯವರು, ನಮ್ಮ ನೆರೆಯವರೇ. ಆ ಯೋಚನೆಯನ್ನು ಇವರು ಮೂರು ಆಯಾಮಕ್ಕೆ ಕೊಂಡೊಯ್ದರು. ಎಚ್‌ಎಸ್‌ಬಿಸಿಯ ರಚನೆಯನ್ನು ಅದೇ ರೀತಿ ಮತ್ತೆ ಕಟ್ಟುವಷ್ಟು ದುಡ್ಡು ಯಾರ ಹತ್ತಿರ ಇದೆ?


ಮೂರನೇ ಸೆಮಿಸ್ಟರ್:

ಮುಂದಿನ ತಿಂಗಳು ಕಾಲೇಜಿನಿಂದ ಹಾಂಗ್‌ಕಾಂಗ್‌ಗೆ ಸ್ಟಡಿ ಟೂರ್ ಇದೆ. ಸೆಂಟ್ರಲ್‌ಗೆ ಒಂದೇ ದಿನ ಕೊಟ್ಟಿದ್ದಾರೆ. ಕನ್ನಡತಿ ಅಕ್ಕ, ಎರಡನ್ನೂ ಸರಿಯಾಗಿ ನೋಡಬೇಕಾದರೆ ಎಲ್ಲಿಂದ ಶುರು ಮಾಡಲಿ?


ಕೌಲೂನ್ ಕನ್ನಡತಿ:

ಭಾನುವಾರವೇ ಬರುವ ಹಾಗೆ ನೋಡಿಕೊಳ್ಳಮ್ಮ. ಚಿಮ್ ಶಾ ಚುಯಿಯಿಂದ ಸ್ಟಾರ್ ಫೆರ್ರಿ ಹಿಡಿ, ಮೆಟ್ರೋ ಬೇಡ. ನೀರಿನ ಮೇಲಿಂದ ಬ್ಯಾಂಕ್ ಆಫ್ ಚೀನಾ ಪೂರ್ತಿ ಕಾಣುತ್ತದೆ, ಎಚ್‌ಎಸ್‌ಬಿಸಿ ಬೇರೆ ಕಟ್ಟಡಗಳ ನಡುವೆ ಹುಡುಕಬೇಕು. ಇಳಿದು ನೇರ ಸ್ಟ್ಯಾಚ್ಯೂ ಸ್ಕ್ವೇರ್‌ಗೆ ಬಾ. ಅಲ್ಲಿಂದ ಎಚ್‌ಎಸ್‌ಬಿಸಿ ಮುಖಕ್ಕೆ ಮುಖ ಕೊಟ್ಟು ನಿಂತಿರುತ್ತದೆ. ಐದು ಮಟ್ಟದ ಟ್ರಸ್‌ಗಳನ್ನು ಎಣಿಸು.

ಬಾಗಿಲಲ್ಲಿ ಎರಡು ಕಂಚಿನ ಸಿಂಹಗಳಿವೆ, 1935ರ ಹಳೆ ಕಟ್ಟಡದ ಕಾಲದವು. ಗರ್ಜಿಸುವುದು ಸ್ಟೀಫನ್, ಸುಮ್ಮನಿರುವುದು ಸ್ಟಿಟ್. ಯುದ್ಧದಲ್ಲಿ ಜಪಾನಿನವರು ಕರಗಿಸಲು ಹೊತ್ತೊಯ್ದಿದ್ದರು, ಯುದ್ಧ ಮುಗಿದ ಮೇಲೆ ವಾಪಸ್ ಬಂದವು. ಮೈಮೇಲೆ ಗುಂಡಿನ ಚೂರು ಬಡಿದ ಗುರುತುಗಳಿವೆ, ಬೆರಳಿಗೆ ಸಿಗುತ್ತವೆ. ಅವನ್ನು ದಾಟಿ ಕಟ್ಟಡದ ಅಡಿಗೆ ಹೋಗು, ಮಧ್ಯದಲ್ಲಿ ನಿಂತು ಮೇಲೆ ನೋಡು. ಕೂತವರ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳು.

ಆಮೇಲೆ ಕ್ವೀನ್ಸ್ ರೋಡ್ ಹಿಡಿದು ಪೂರ್ವಕ್ಕೆ ನಡೆ. ನಡುವೆ ಚ್ಯುಂಗ್ ಕಾಂಗ್ ಸೆಂಟರ್ ಎಂಬ ಚೌಕದ ಗೋಪುರ ಬರುತ್ತದೆ, ಅದನ್ನು ದಾಟಿದರೆ ಬ್ಯಾಂಕ್ ಆಫ್ ಚೀನಾ. ಪಕ್ಕದ ನೀರಿನ ತೋಟದಲ್ಲಿ ಸ್ವಲ್ಪ ಹೊತ್ತು ನಿಲ್ಲು. ಫ್ಲೈಓವರ್ ಸದ್ದು ನಿಜವಾಗಿ ಕಡಿಮೆ ಆಗುತ್ತದೆಯೋ ಇಲ್ಲವೋ ನೀನೇ ಕೇಳಿಸಿಕೊಂಡು ಇಲ್ಲಿ ಬಂದು ಬರೆ, ರಾಯರಿಗೂ ನಕ್ಷೆಪ್ರಿಯ ಅವರಿಗೂ ಬೇಕಾಗುತ್ತದೆ. ಅಲ್ಲಿಂದ ಗಾರ್ಡನ್ ರೋಡ್ ಹತ್ತಿದರೆ ಪೀಕ್ ಟ್ರಾಮ್ ನಿಲ್ದಾಣ. ಟಿಕೆಟ್ ಮೊದಲೇ ತೆಗೆದುಕೋ, ಭಾನುವಾರ ಕ್ಯೂ ಜಾಸ್ತಿ ಇರುತ್ತದೆ.